ಕಾಶೀರಾಮನ ಕರಿ ದಂಡು

ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಶೀರಾಮನ ಆನೆಯ ಸೊಂಡಿಲು ಮುರಿಯಿತು.

ಮುರಿದವರು ಪಕ್ಕದ ಮನೆಯ ಅನುಸೂಯಾಬಾಯಿ. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಲು ಬಂದವರು, ಅಡುಗೆಮನೆಗೆ ಹೋಗುವುದು ಬಿಟ್ಟು ಮುಂದಿನ ಖೋಲಿಗೆ ನುಗ್ಗಿದರು. ಮೇಜಿನ ಮೇಲೆ ನಿಂತಿದ್ದ ಅಂಗೈಯಗಲದ ಆನೆಯನ್ನು, ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತುವ ಹಾಗೆ, ಸೊಂಡಿಲು ಹಿಡಿದು ಎತ್ತಿದರು. ಸೊಂಡಿಲು ಕೈಯಲ್ಲಿ ಉಳಿಯಿತು. ಆನೆ ನೆಲಕ್ಕೆ ಬಿತ್ತು.

"ಅಯ್ಯ ನಮ್ಮವ್ವಾ! ಕಾಶೀರಾಮಣ್ಣ, ನಿಮ್ಮ ಆನಿ ಭಾಳ ನಾಜೂಕ ಅದ ಬಿಡ್ರಿ. ಇದು ಲಡಾಯಿ ಹ್ಯಾಂಗ ಮಾಡ್ತದ?"

"ಬಾಯಾರ, ಆ ಕಾಲಕ್ಕ ನೀವು ಇದ್ದಿದ್ರ ವೈರಿಗೋಳಿಗಿ ತೋಪ ಬೇಕಾಗ್ತಿರ್ಲಿಲ್ಲ. ನಿಮ್ಮ ಕೈಯಾಗ ಒಂದು ಬಟ್ಟಲ ಕೊಟ್ಟು ಮೊಸರ ಕೇಳ್ಕೊಂಡು ಬರ್ರಿ ಅಂತ ಕೋಟಿ ಒಳಗ ಕಳಿಸಿದ್ರ ಸಾಕಿತ್ತು."

ಅನುಸೂಯಾಬಾಯಿ ಅದನ್ನು ಹೊಗಳಿಕೆ ಎಂದುಕೊಂಡರು. ಮೊಸರು ಇಸಿದುಕೊಂಡು ನಗುತ್ತ ಹೋದರು.

ಕಾಶೀರಾಮ ಔರಾದದ ದನದ ದವಾಖಾನೆಯಲ್ಲಿ ಕಂಪೌಂಡರ್. ವಯಸ್ಸು ನಲವತ್ತೇಳು. ಆರು ವರ್ಷದಿಂದ ಅವನು ಒಂದು ದಂಡು ಕಟ್ಟುತ್ತಿದ್ದ. ಬೀದರದಲ್ಲಿ ಸುಲ್ತಾನರು ಆಳುತ್ತಿದ್ದ ಕಾಲದ ದಂಡು. ಕುದುರೆ ಸವಾರರು, ಬಿಲ್ಲುಗಾರರು, ಭರ್ಜಿಯವರು, ನಾಲ್ಕು ಆನೆ, ಸಾಮಾನು ಹೊರುವ ಎಂಟು ಎತ್ತು, ಎಲ್ಲ ಸೇರಿ ನೂರಾ ಹನ್ನೆರಡು. ಒಬ್ಬೊಬ್ಬ ಸಿಪಾಯಿಯೂ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ಇದು ಮಕ್ಕಳ ಆಟಿಕೆ ಅಲ್ಲ. ದೊಡ್ಡ ಮೇಜಿನ ಮೇಲೆ ಗುಡ್ಡ, ಹಳ್ಳ, ಊರು ಮಾಡಿ, ಇಬ್ಬರು ಎದುರುಬದುರು ದಂಡು ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಎಸೆದು ಹಳೆಯ ಕಾಲದ ಯುದ್ಧವನ್ನು ಹೊಸದಾಗಿ ಆಡುವ ಆಟ. ದಂಡಿಗೆ ಆ ಕಾಲದ ಬಣ್ಣವನ್ನೇ ಹಚ್ಚಬೇಕು. ರುಮಾಲಿನ ಒಂದು ಸುತ್ತು ತಪ್ಪಿದರೂ ತಿಳಿದವರು ನಗುತ್ತಾರೆ.

ಕಾಶೀರಾಮನ ದಂಡು ನೋಡಿ ನಗುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಕೆಂಪು ಬಣ್ಣಕ್ಕಾಗಿ ಅವನು ಅಷ್ಟೂರಿನ ಸುಲ್ತಾನರ ಗೋರಿಯ ಗುಮ್ಮಟದ ಒಳಗೆ ಕತ್ತು ಹಿಡಿಯುವ ತನಕ ಮೇಲೆ ನೋಡಿದ್ದ. ನೀಲಿಗಾಗಿ ಕೋಟೆಯ ರಂಗೀನ ಮಹಲಿನ ಹೆಂಚುಗಳ ಮುಂದೆ ತಾಸುಗಟ್ಟಲೆ ನಿಂತು ಕಾವಲುಗಾರನಿಂದ ಬೈಸಿಕೊಂಡಿದ್ದ. ಕರುವಿನ ಕಿವಿಯ ಕೂದಲಿನಿಂದ ತಾನೇ ಕುಂಚ ಮಾಡಿ ಒಬ್ಬೊಬ್ಬ ಸಿಪಾಯಿಗೂ ಕಣ್ಣು ಬರೆದಿದ್ದ. ಎತ್ತುಗಳಂತೂ ಅಚ್ಚ ದೇವಣಿ ತಳಿ. ಬಿಳಿ ಮೈ, ಕರಿ ಮುಖ, ಜೋತ ಕಿವಿ. ಅವನ್ನು ನೋಡಲು ಬಂದ ದನದ ದಲ್ಲಾಳಿಯೊಬ್ಬ ಅಭ್ಯಾಸಬಲದಿಂದ ಹಲ್ಲು ಎಣಿಸಲು ಬಾಯಿ ಹುಡುಕಿದ್ದ.

ಆ ದಂಡಿನ ಅಂದವನ್ನು ನಂಬದೆ ಇದ್ದವಳು ಹೆಂಡತಿ ಮನಿಷಾ ಒಬ್ಬಳೇ.

"ಆರು ವರ್ಷ ಆಯ್ತು, ಮುಂದಿನ ಖೋಲಿ ನಿಮ್ಮ ಸಿಪಾಯಿಗೋಳ ಕೈಯಾಗ ಅದ," ಎಂದು ವಾರದ ಹಿಂದೆ ಅವಳು ಖಡಾಖಂಡಿತವಾಗಿ ಹೇಳಿದ್ದಳು. "ಹೊರಗಿನ ಒಬ್ಬ ಮನುಷ್ಯಾರ 'ಚಂದ ಮಾಡೀರಿ' ಅಂದಿದ್ದು ನಾ ಕೇಳಿಲ್ಲ. ಐತವಾರ ಬೀದರದಾಗ ಕಾಂಪಿಟೇಷನ್ ಅದ ಅಂತೀರಿ. ಬಣ್ಣದ ಕಪ್ ಗೆದ್ದು ತರ್ರಿ, ಖೋಲಿ ನಿಮ್ದು. ಮತ್ತ ನಾ ಬಾಯಿ ತೆಗಿಯಲ್ಲ. ತರ್ಲಿಲ್ಲ ಅಂದ್ರ ಸೋಮವಾರದಿಂದ ಅಲ್ಲಿ ನನ್ನ ಹೊಲಿಗಿ ಕ್ಲಾಸ್."

"ತರ್ತೇನಿ," ಎಂದಿದ್ದ ಕಾಶೀರಾಮ, ಕಪ್ಪು ಈಗಾಗಲೇ ಕಪಾಟಿನಲ್ಲಿ ಇದ್ದವನ ಹಾಗೆ.

ಈಗ ಆ ದಿನ ಬಂದಿತ್ತು, ಆನೆಗೆ ಸೊಂಡಿಲಿರಲಿಲ್ಲ. ಸೊಂಡಿಲಿಲ್ಲದ ಆನೆ ದೂರದಿಂದ ಹಂದಿಯಂತೆ ಕಾಣುತ್ತದೆ. ಹಂದಿಗೆ ಕಪ್ಪು ಕೊಡುವುದಿಲ್ಲ.

ಉಪಾಯ ಒಂದೇ ಇತ್ತು. ಈ ಸಿಪಾಯಿಗಳನ್ನೆಲ್ಲ ಎರಕ ಹೊಯ್ದು ಕೊಟ್ಟವನು ಬೀದರದ ಹುಸೇನ. ಬಿದರಿ ಕೆಲಸದ ಮನೆತನ. ಹೂಜಿ, ಹುಕ್ಕಾ, ಹೂದಾನಿ ಮಾಡುವ ಸತುವಿನಲ್ಲಿಯೇ ಗೆಳೆಯನಿಗಾಗಿ ದಂಡನ್ನೂ ಹೊಯ್ದಿದ್ದ. ಸ್ಪರ್ಧೆ ಮಧ್ಯಾಹ್ನ ಎರಡಕ್ಕೆ. ಬೇಗ ಹೋದರೆ ಅವನ ಕಾರ್ಖಾನೆಯಲ್ಲಿ ಸೊಂಡಿಲು ಕೂಡಿಸಿಕೊಂಡು, ನಾಲ್ಕು ಎಳೆ ಬಣ್ಣ ಎಳೆದು, ಅಲ್ಲಿಂದ ಸಭಾಗೃಹಕ್ಕೆ ಹೋಗಬಹುದು.

ಕಾಶೀರಾಮ ದಂಡನ್ನು ದವಾಖಾನೆಯ ಹಳೆಯ ನೀಲಿ ಲಸಿಕೆ ಡಬ್ಬಿಯಲ್ಲಿ ಇಟ್ಟ. ಐಸ್ ಇಡುವಲ್ಲಿ ಹತ್ತಿ ತುರುಕಿದ. ಬಿಳಿ ಅಂಗಿ ಹಾಕಿ ಎಂಟರ ಬಸ್ಸು ಹತ್ತಿದ.

ತೊಡೆಯ ಮೇಲೆ ನೀಲಿ ಡಬ್ಬಿ ಇಟ್ಟುಕೊಂಡ ದನದ ಕಂಪೌಂಡರನನ್ನು ಈ ಸೀಮೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಸಂತಪುರ ದಾಟುವಷ್ಟರಲ್ಲಿ ಮೂವರು ತಮ್ಮ ಆಡುಗಳ ಕೆಮ್ಮು ವಿವರಿಸಿದ್ದರು. ಒಬ್ಬ ಮುದುಕನಂತೂ ಆಡು ಹೇಗೆ ಕೆಮ್ಮುತ್ತದೆ ಎಂದು ಕೆಮ್ಮಿಯೇ ತೋರಿಸಿದ. ಜನವಾಡದಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ನಿಂತಿದ್ದ ಕೈಲಾಶ ಎಂಬ ರೈತನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಕಂಡಕ್ಟರ್ ಸಾಬ್, ಬಸ್ ಬಿಡಬ್ಯಾಡ್ರಿ! ದನದ ಡಾಕ್ಟರ್ ಅದಾರ ಒಳಗ! ನಮ್ಮ ಎಮ್ಮಿ ಹೊಟ್ಟಿ ಉಬ್ಬಿ ಡೋಲ ಆಗ್ಯದ!"

"ನಾ ಡಾಕ್ಟರ್ ಅಲ್ಲೋ, ಕಂಪೌಂಡರ್!"

"ಎಮ್ಮಿಗಿ ಅದು ಗೊತ್ತಾಗಲ್ರಿ. ಇಳಿರಿ."

"ನನ್ನ ಡಬ್ಬಿದಾಗ ಔಷಧ ಇಲ್ಲೋ ಮಾರಾಯಾ, ಸಿಪಾಯಿಗೋಳು ಅವ!" ಕಾಶೀರಾಮ ಸಿಟ್ಟಿನಿಂದ ಮುಚ್ಚಳ ತೆಗೆದೇ ತೋರಿಸಿದ.

ಕೈಲಾಶ ಕಿಟಕಿಯಲ್ಲಿ ತಲೆ ತೂರಿಸಿ ಒಳಗೆ ನೋಡಿದ. "ಇಷ್ಟು ಮಂದಿನ್ನ ಕರ್ಕೊಂಡು ಬಂದೀರಿ. ಒಂದು ಎಮ್ಮಿ ನೋಡ್ಲಿಕ್ಕ ಆಗಲ್ಲೇನ್ರಿ?"

ಬಸ್ಸಿನವರೆಲ್ಲ ಎಮ್ಮೆಯ ಪಕ್ಷ ಸೇರಿದರು. "ಇಳಿರಿ ಸಾಬ್ರೇ, ಮೂಕ ಪ್ರಾಣಿ," ಎಂದ ಆಡಿನ ಮುದುಕ. ಕಂಡಕ್ಟರ್ ಡಬ್ಬಿ ಎತ್ತಿ ಕೈಗೆ ಕೊಟ್ಟು, ಬೆನ್ನಿಗೆ ಕೈ ಹಚ್ಚಿ ಇಳಿಸಿ, ಸೀಟಿ ಊದಿದ.

ಎಮ್ಮೆ ನಿಜವಾಗಿಯೂ ಡೋಲಾಗಿತ್ತು. ಅದನ್ನು ಕಂಡ ಮೇಲೆ ಬಿಟ್ಟು ಹೋಗುವ ಜಾತಿಯವನಲ್ಲ ಕಾಶೀರಾಮ. ಎಣ್ಣೆ ತರಿಸಿ ಕುಡಿಸಿದ. ಎಡಬದಿಯ ಹೊಟ್ಟೆಯನ್ನು ಮುಷ್ಟಿಯಿಂದ ತಿಕ್ಕಿದ. ಮುಂಗಾಲು ಎತ್ತರದಲ್ಲಿ ನಿಲ್ಲಿಸಿ ಮತ್ತೆ ತಿಕ್ಕಿದ. ಒಂದು ತಾಸಿನ ಮೇಲೆ ಎಮ್ಮೆಗೆ ಎರಡೂ ಕಡೆಯಿಂದ ಬಿಡುಗಡೆಯಾಯಿತು. ಹಿಂದಿನ ಕಡೆಯ ಬಿಡುಗಡೆ ಕಾಶೀರಾಮನ ಬಿಳಿ ಅಂಗಿಯ ಮೇಲಾಯಿತು. ಉಳಿದ ಜಾಗವನ್ನು ಅದು ಬಾಲದಿಂದ ಬಳಿದು ಮುಗಿಸಿತು.

"ಒಳ್ಳೆ ಶಕುನ ಅದರಿ," ಎಂದು ಕೈಲಾಶ ಅವನನ್ನು ಮೋಟರ್‌ಸೈಕಲ್ಲಿನ ಮೇಲೆ ಬೀದರಕ್ಕೆ ತಂದು ಬಿಟ್ಟ. ದಾರಿಯುದ್ದಕ್ಕೂ ಮೂಗು ಗಾಳಿಯ ಕಡೆಗೇ ಇಟ್ಟುಕೊಂಡಿದ್ದ.

ಹುಸೇನನ ಕಾರ್ಖಾನೆ ಹಳೆಯ ಊರಿನ ಓಣಿಯೊಳಗೆ. ಆಗ ಗಂಟೆ ಹನ್ನೊಂದು. ಹುಸೇನ ಸಭಾಗೃಹದಲ್ಲಿ ಮೇಜು ಜೋಡಿಸಲು ಹೋಗಿದ್ದ. ಇದ್ದವರು ಅವನ ಚಾಚಾ, ಎಪ್ಪತ್ತು ದಾಟಿದ ಅಬ್ದುಲ ಮಜೀದ, ಮತ್ತು ಚಾಚಾನ ಹೆಂಡತಿ ಹಾಜಿರಾಬೀ. ಬಿದರಿಯಲ್ಲಿ ಅಬ್ದುಲ ಮಜೀದರ ಕೈ ಎಂದರೆ ಕೈ. ಐವತ್ತೈದು ವರ್ಷದಿಂದ ಆ ಕಾರ್ಖಾನೆಯ ಎಲ್ಲ ಮಾಲಿಗೂ ಕೊನೆಯ ಕರಿ ಹಚ್ಚುವವರು ಅವರೇ.

"ಚಾಚಾ, ಈ ಡಬ್ಬಿದಾಗ ಒಂದು ಆನಿ ಅದ, ಸೊಂಡಿ ಮುರದದ. ಕೂಡಿಸಿ ಕೊಡ್ರಿ. ಎರಡಕ್ಕ ನಾ ಅಲ್ಲಿರಬೇಕು."

"ರಖ್ ದೇ ಬೇಟಾ. ಮೊದಲ ನೀ ಮೈ ತೊಳಕೋ. ಏನ್ ವಾಸನಿ ಹೊಡೀಲತ್ತದ, ಯಾ ಅಲ್ಲಾ!"

ಕಾಶೀರಾಮ ಸ್ನಾನ ಮಾಡಿದ. ಹಾಜಿರಾಬೀ ಅಂಗಿ ಒಗೆದು ಬಿಸಿಲಿಗೆ ಹಾಕಿದರು. ಒಣಗುವ ತನಕ ಹುಸೇನನ ಅಂಗಿ ಕೊಟ್ಟು ಖಿಚಡಿ, ಹುಣಸೆಹುಳಿಯ ಖಟ್ಟಾ ಬಡಿಸಿದರು. "ಇನ್ನೊಂದು ಚಮಚಾ ಹಾಕ್ಕೋ" ಎಂದು ಮೂರು ಸಲ ಹಾಕಿದರು. ನಾಲ್ಕು ದಿನದಿಂದ ಸರಿಯಾಗಿ ಮಲಗದೆ ರುಮಾಲಿಗೆ ಗೆರೆ ಎಳೆದಿದ್ದ ಮನುಷ್ಯ ಗೋಡೆಗೆ ಒರಗಿದವನು ಹಾಗೆಯೇ ಕಣ್ಣು ಮುಚ್ಚಿದ.

ಎಚ್ಚರವಾದಾಗ ಒಂದೂವರೆ. ಕಾರ್ಖಾನೆಯ ಕಡೆಯಿಂದ ಅಬ್ದುಲ ಮಜೀದರು ಖುಷಿಯಿಂದ ಏನೋ ಗುನುಗುವುದು ಕೇಳಿಸುತ್ತಿತ್ತು. ಅಂಗಿ ತೊಟ್ಟು ಓಡಿಬಂದ ಕಾಶೀರಾಮ ಬಾಗಿಲಲ್ಲೇ ನಿಂತ.

ಹಾಸಿದ ಬಿಳಿ ಬಟ್ಟೆಯ ಮೇಲೆ ನೂರಾ ಹನ್ನೆರಡು ಕರಿ ಸಿಪಾಯಿಗಳು ನಿಂತಿದ್ದರು. ಕೆಂಪಿಲ್ಲ, ನೀಲಿಯಿಲ್ಲ, ಕಣ್ಣಿಲ್ಲ. ಕಾಗೆಗಳು ಪಂಚಾಯಿತಿ ಕೂಡಿದ ಹಾಗಿತ್ತು. ಮೂಲೆಯ ಬೋಗುಣಿಯ ಥಿನ್ನರಿನಲ್ಲಿ ಆರು ವರ್ಷದ ಬಣ್ಣ ಕರಗಿ ಕೆಸರಾಗಿತ್ತು.

"ಆ ಗಯಾ? ನೋಡು!" ಅಬ್ದುಲ ಮಜೀದರ ಮುಖ ಬೆಳಗುತ್ತಿತ್ತು. "ಆನಿ ತೆಗೀಲಿಕ್ಕ ಡಬ್ಬಿ ತೆರೆದ್ರ ಏನ್ ನೋಡ್ತೇನಿ, ಎಲ್ಲಾ ನಮ್ಮ ಮಾಲು! ಆರು ವರ್ಷದ ಹಿಂದ ಹುಸೇನ ಎರಕ ಮಾಡಿ 'ಕರಿ ಆಮ್ಯಾಲ ಮಾಡೋಣ ಚಾಚಾ' ಅಂತ ತಗೊಂಡು ಹೋದವ ತರ್ಲೇ ಇಲ್ಲ. ಅರ್ಧ ಕೆಲಸ ಆಗಿ ಬಿದ್ದಾವ! ಅದರ ಮ್ಯಾಲ ಯಾವನೋ ಬೇವಕೂಫ ರಂಗ ಬಡದು ಹಾಳ ಮಾಡ್ಯಾನ. ಹಿಂಗ ನಮ್ಮ ಮಾಲು ಊರಾಗ ತಿರಗಾಡಿದ್ರ ಇಜ್ಜತ್ ಏನ್ ಉಳೀತದ? ನಾನು, ಹಾಜಿರಾ ಕೂಡಿ ರಂಗ ಎಲ್ಲಾ ತಿಕ್ಕಿ ತೆಗದ್ವಿ. ಕೋಟಿ ಮಣ್ಣು, ನೌಸಾದರ ಕಾಸಿ, ಒಂದೊಂದಕ್ಕೂ ಕರಿ ಹಚ್ಚೀನಿ. ನಿನ್ನ ಆನಿದೂ ಸೊಂಡಿ ಕೂಡಿಸೀನಿ."

ಬಿದರಿಯ ಕ್ರಮವೇ ಅದು. ಕೋಟೆಯ ಹಳೆಯ ಗೋಡೆಯ ಬುಡದ ಮಣ್ಣನ್ನು ನವಸಾಗರದ ಜೊತೆ ಕಾಸಿ ಹಚ್ಚಿದರೆ ಸತುವು ಎಂದೂ ಮಾಸದ ಕರಿಯಾಗುತ್ತದೆ. ಕರಿಯಾಗದೆ ಅಂಗಳ ದಾಟಿದ್ದು ಅಬ್ದುಲ ಮಜೀದರ ಲೆಕ್ಕದಲ್ಲಿ ಮಾಲೇ ಅಲ್ಲ, ಕಚ್ಚಾ ಲೋಹ.

ಕಾಶೀರಾಮನ ಬಾಯಿಗೆ ಬಂದ ಬೈಗುಳಗಳು ಹಲ್ಲಿನ ಹಿಂದೆ ಸಾಲುಗಟ್ಟಿ ನಿಂತವು. ಎದುರಿಗಿದ್ದದ್ದು ಎಪ್ಪತ್ತು ದಾಟಿದ ಮುದುಕ. ಬೆರಳ ತುದಿಗಳು ಬೆಂದು ಕೆಂಪಾಗಿದ್ದವು. ಊಟ ಕೂಡ ಮಾಡದೆ ಕೆಲಸ ಮುಗಿಸಿದ್ದ.

"ಹ್ಯಾಂಗ ಆಗ್ಯದ ಬೇಟಾ?"

"ಚಂದ... ಚಂದ ಆಗ್ಯದ ಚಾಚಾ," ಎಂದ ಕಾಶೀರಾಮ. ಆ ಬೇವಕೂಫ ತಾನೇ ಎಂದು ಹೇಳುವ ಧೈರ್ಯ ಆಗಲಿಲ್ಲ.

ಸಭಾಗೃಹದಲ್ಲಿ ಐದು ಮೇಜು ಹಾಕಿದ್ದರು. ಬೀದರ, ಭಾಲ್ಕಿ, ಕಲಬುರಗಿ, ಹೈದರಾಬಾದಿನಿಂದ ಬಂದ ಹತ್ತು ಆಟಗಾರರು. ನೋಡಲು ಬಂದವರು ನೂರು. ತೀರ್ಪು ಕೊಡಲು ಹೈದರಾಬಾದಿನಿಂದ ಇತಿಹಾಸದ ಪ್ರೊಫೆಸರ್ ತಹಮೀನಾ ಮೇಡಂ ಬಂದಿದ್ದರು. ಕನ್ನಡಕದ ಮೇಲೊಂದು ಭೂತಗನ್ನಡಿ. ಆಟದಲ್ಲಿ ಗೆದ್ದವರಿಗೆ ಚಪ್ಪಾಳೆ ಮಾತ್ರ. ಕಪ್ಪು ಒಂದೇ, ಅದು ಅತಿ ಚಂದ ಬಣ್ಣ ಹಚ್ಚಿದ ದಂಡಿಗೆ.

ಕಾಶೀರಾಮ ಡಬ್ಬಿ ತೆರೆದಾಗ ಹುಸೇನನ ಬಾಯಿ ತೆರೆದುಕೊಂಡಿತು. "ಯಾ ಖುದಾ! ಚಾಚಾ?"

"ಚಾಚಾ."

"ಮಾತಾಡಬ್ಯಾಡ. ನಿಂದರಸು. ಆಟ ಬಿಟ್ಟು ಹೊರಗ ಹೋದ್ರ ಚಪ್ಪಾಳಿನೂ ಹೋಯ್ತು."

ಎದುರಾಳಿ ಭಾಲ್ಕಿಯ ಅಶ್ವಜಿತ. ಬ್ಯಾಂಕಿನಲ್ಲಿ ಕ್ಲರ್ಕ್, ಮೂವತ್ತು ವರ್ಷದ ಚುರುಕು ಮನುಷ್ಯ. ಅವನ ವಿಜಯನಗರದ ದಂಡು ಮದುವೆ ಮನೆಯ ಹಂದರದಂತೆ ಝಗಝಗಿಸುತ್ತಿತ್ತು. ಕಾಶೀರಾಮನ ಕಡೆ ನೋಡಿ ಅವನು ಹುಬ್ಬು ಏರಿಸಿದ.

"ಕಾಕಾ, ಇದು ದಂಡಾ, ಇಲ್ಲಾ ಇದ್ದಲ ಅಂಗಡಿಯಾ?"

"ಹತ್ರ ಬಾ. ಸುಟ್ರ ಗೊತ್ತಾಗ್ತದ."

ಆಟ ಶುರುವಾಯಿತು. ಆಗಲೇ ಅಶ್ವಜಿತನಿಗೆ ತನ್ನ ಕಷ್ಟ ತಿಳಿದದ್ದು. ಬಣ್ಣ ಇದ್ದರಲ್ಲವೆ ಇದು ಸರದಾರ, ಇದು ಹಮಾಲ ಎಂದು ತಿಳಿಯುವುದು? ಎಲ್ಲವೂ ಕರಿ. ಮೇಜಿನ ಆ ತುದಿಯಿಂದ ಒಂದಕ್ಕೊಂದು ಅಂಟಿದ ನೆರಳಿನ ಹಾಗೆ ಕಾಣುತ್ತಿತ್ತು. ಕಾಶೀರಾಮನಿಗೆ ಮಾತ್ರ ಒಂದೊಂದರ ಭುಜ, ಗೊರಸು, ಬೆನ್ನು ಬೆರಳಿಗೇ ಗೊತ್ತು. ಆರು ವರ್ಷ ತಡವಿದ ಮೈಗಳು. ಅವನು ತುಟಿ ಬಿಗಿದು ಎಡಕ್ಕೆ ಏನೋ ದಪ್ಪಗಿನದನ್ನು ಸರಿಸಿದ, ಬಲಕ್ಕೆ ಗುಡ್ಡದ ಹಿಂದೆ ಇನ್ನೇನನ್ನೋ ಸರಿಸಿದ.

ಅಶ್ವಜಿತ ಕುತ್ತಿಗೆ ಉದ್ದ ಮಾಡಿ ನೋಡಿ ನಿರ್ಧರಿಸಿದ. "ಎಡಕ್ಕ ಇರೋದು ನಿಮ್ಮ ಖಾಸಾ ಸವಾರರು. ಹೌದಲ್ಲ? ನನ್ನ ಕುದುರಿ ಪೂರಾ ಅಲ್ಲಿ!"

ಹನ್ನೆರಡು ಅಂಗುಲ ಟೇಪು ಅಳೆದು, ಇಪ್ಪತ್ನಾಲ್ಕು ಕುದುರೆಗಳನ್ನು ಅವನು ಎಡಕ್ಕೆ ನುಗ್ಗಿಸಿದ. ಕುದುರೆಗಳು ಬಂದು ಮುಟ್ಟಿದ ಮೇಲೆ ಅಶ್ವಜಿತ ಮೇಡಂ ಅವರ ಭೂತಗನ್ನಡಿ ಇಸಿದುಕೊಂಡು, ಬಗ್ಗಿ ನೋಡಿದ.

"ಕಾಕಾ... ಇವು ಎತ್ತು!"

"ದೇವಣಿ ಎತ್ತು," ಎಂದು ಕಾಶೀರಾಮ ತಿದ್ದಿದ. "ಜೋಳದ ಚೀಲ ಹೊತ್ತಾವ. ಲೂಟಿ ಮಾಡ್ಕೋ."

ಅಷ್ಟರಲ್ಲಿ ಬಲಗಡೆಯಿಂದ ನಾಲ್ಕು ಕರಿ ಆನೆಗಳು, ಹಿಂದೆ ನಿಜವಾದ ಖಾಸಾ ಸವಾರರು ವಿಜಯನಗರದ ಡೇರೆಗೆ ನುಗ್ಗಿದ್ದರು. ದಾಳ ಎಸೆದರು. ಐದು, ಆರು, ಆರು. ನಾಲ್ಕೂ ಮುಕ್ಕಾಲಿಗೆ ಮುಗಿಯಬೇಕಿದ್ದ ಯುದ್ಧ ಮೂರೂವರೆಗೆ ಮುಗಿಯಿತು. ಸಭಾಗೃಹದ ತುಂಬ ಸೀಟಿ, ಚಪ್ಪಾಳೆ. ಬಾಗಿಲ ಹತ್ತಿರ ತಮ್ಮ ಮಾಲು ನೋಡಲು ಬಂದು ನಿಂತಿದ್ದ ಅಬ್ದುಲ ಮಜೀದರು ಎದೆ ಸೆಟೆದು ಪಕ್ಕದವನಿಗೆ ಹೇಳಿದರು, "ಹಮಾರಾ ಕಾಮ್."

ಆದರೆ ಖೋಲಿ ಚಪ್ಪಾಳೆಗೆ ಸಿಗುವಂಥದ್ದಲ್ಲ. ಅದಕ್ಕೆ ಬಣ್ಣದ ಕಪ್ಪು ಬೇಕು. ಕಾಶೀರಾಮ ಆಸೆ ಬಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತ. ಹೊಲಿಗೆ ಯಂತ್ರದ ಟಕಟಕ ಈಗಲೇ ಕಿವಿಯಲ್ಲಿ ಕೇಳಿಸತೊಡಗಿತ್ತು.

ತಹಮೀನಾ ಮೇಡಂ ಒಂದೊಂದು ಮೇಜಿನ ಮುಂದೆ ಐದು ನಿಮಿಷ ನಿಂತರು. ಕರಿ ದಂಡಿನ ಮುಂದೆ ಅರ್ಧ ತಾಸು ನಿಂತರು. ಒಂದು ಕುದುರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿದರು. ಆ ಕರಿಯೊಳಗೆ ಕುದುರೆಯ ಪಕ್ಕೆಲುಬು, ಸವಾರನ ಅಂಗಿಯ ಮಡಿಕೆ, ಬಿಲ್ಲಿನ ಹುರಿ, ಎಲ್ಲ ನೀರಿನೊಳಗಿನ ಕಲ್ಲಿನಂತೆ ಸ್ಪಷ್ಟ ಕಾಣುತ್ತಿದ್ದವು. ಇಷ್ಟು ದಿನ ಎನಾಮೆಲ್ ಬಣ್ಣದ ಕೆಳಗೆ ಹೂತಿದ್ದ ಕೆತ್ತನೆ ಈಗ ಹೊರಬಂದಿತ್ತು. ಕಾಶೀರಾಮನೂ ಅದನ್ನು ಆಗಲೇ ಮೊದಲ ಸಲ ನೋಡಿದ.

"ಎಲ್ಲರೂ ನೂರು ಬಣ್ಣ ಹಚ್ಚಿ ಒಂದು ದಂಡು ತೋರಿಸಿದ್ದಾರೆ," ಎಂದು ಮೇಡಂ ಮೈಕಿನಲ್ಲಿ ಹೇಳಿದರು. "ಇವರು ಒಂದೇ ಬಣ್ಣ ಹಚ್ಚಿ ನೂರು ಛಾಯೆ ತೋರಿಸಿದ್ದಾರೆ. ಇಂಥ ಬಣ್ಣಗಾರಿಕೆ ನಾನು ಎಲ್ಲೂ ನೋಡಿಲ್ಲ. ಈ ವರ್ಷದ ಕಪ್ಪು ಔರಾದದ ಕಾಶೀರಾಮ ಅವರಿಗೆ."

ಕಾಶೀರಾಮನಿಗೆ ನಂಬಲಾಗಲಿಲ್ಲ. ಹುಸೇನ ಅವನನ್ನು ಹಿಂದಿನಿಂದ ದಬ್ಬಿ ವೇದಿಕೆ ಹತ್ತಿಸಿದ. "ಬಾಯಿ ಮುಚ್ಕೊಂಡು ತಗೊಂಡು ಇಳಿ," ಎಂದು ಕಿವಿಯಲ್ಲಿ ಹೇಳಿದ. ಮೊಳಕಾಲೆತ್ತರದ ಕಪ್ಪು ಕೈಗೆ ಬಂತು. ಫೋಟೋದವರು ಮೊಬೈಲ್ ಎತ್ತಿದರು. ಇನ್ನು ಮೂರು ಮೆಟ್ಟಿಲು ಇಳಿದರೆ ಖೋಲಿ ಅವನದು.

ಆಗ ಅಶ್ವಜಿತ ಕೈ ಕುಲುಕಲು ಮುಂದೆ ಬಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ.

"ಕಾಕಾ, ಒಪ್ಪಿದೆ. ಆದ್ರ ಖರೇ ಹೇಳ್ರಿ, ಇದು ಫಾರಿನ್ ಪೇಂಟ್ ಹೌದಲ್ಲ? ನಮ್ಮ ಕಡಿ ಇಂಥ ಕರಿ ಯಾವನಿಗಿ ಮಾಡ್ಲಿಕ್ಕ ಬರ್ತದ್ರಿ?"

ಮೈಕು ಹತ್ತಿರವೇ ಇತ್ತು. ಕಾಶೀರಾಮನ ಕಣ್ಣು ಬಾಗಿಲ ಹತ್ತಿರ ನಿಂತಿದ್ದ ಅಬ್ದುಲ ಮಜೀದರ ಮೇಲೆ ಬಿತ್ತು. ಮುದುಕ ಬೆಂದ ಬೆರಳುಗಳನ್ನು ಮಡಚಿಕೊಂಡು ನಗುತ್ತ ನಿಂತಿದ್ದ. ಕಾಶೀರಾಮನ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾದರೆ ಅವನ ಬಾಯಿ ಅವನದಲ್ಲ.

"ಫಾರಿನ್? ಏ ಅಶ್ವಜಿತ, ಭಾಲ್ಕಿದಾಗ ಹುಟ್ಟಿ ಬೆಳದು ಇದೇನೋ ಮಾತು? ಇದು ನಮ್ಮ ಬೀದರ ಕೋಟಿ ಮಣ್ಣೋ! ನೂರಾರು ವರ್ಷ ಬಿಸಿಲು, ಮಳಿ ಕಾಣದ ಗ್ವಾಡಿ ಬುಡದ ಮಣ್ಣು. ಅಲ್ಲಿ ನಿಂತಾರಲ್ಲ ಅಬ್ದುಲ ಮಜೀದ ಚಾಚಾ, ಆ ಮಣ್ಣು ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿ ಆರಿಸ್ತಾರ. ಯಾವ ದೇಶದ ಯಾವ ಕಂಪನಿಗಿ ಅದ ಅಂಥ ನಾಲಿಗಿ? ಈ ಕರಿ ತೊಳದ್ರ ಹೋಗಲ್ಲ, ತಿಕ್ಕಿದ್ರ ಹೋಗಲ್ಲ, ನೀ ಸತ್ತ ಮ್ಯಾಲೂ ಹೋಗಲ್ಲ! ಇದರಾಗ ಒಂದು ಹನಿ ಪೇಂಟ್ ಇಲ್ಲ! ಕೇಳ್ಸಿತೇನ್? ಒಂದು ಹನಿ ಇಲ್ಲ!"

ಹುಸೇನ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತುಬಿಟ್ಟ.

"ಒಂದು ಹನಿಯೂ ಇಲ್ಲವೆ?" ಎಂದು ತಹಮೀನಾ ಮೇಡಂ ಮೆಲ್ಲಗೆ ಕೇಳಿದರು.

"ಇಲ್ರಿ ಮೇಡಂ," ಎಂದ ಕಾಶೀರಾಮ, ಇನ್ನೂ ಹೆಮ್ಮೆಯ ಬಿಸಿಯಲ್ಲೇ.

ಮೇಡಂ ನಿಯಮದ ಹಾಳೆ ತೆಗೆದರು. ಅವರ ಮುಖದಲ್ಲಿ ನಿಜವಾದ ದುಃಖವಿತ್ತು. ಬಣ್ಣ ಹಚ್ಚಿದ ದಂಡಿಗೆ ಮಾತ್ರ ಕಪ್ಪು ಎಂದು ಅದರಲ್ಲಿ ಎರಡು ಸಲ ಬರೆದಿತ್ತು. ಕಪ್ಪು ಕಾಶೀರಾಮನ ಕೈಯಿಂದ ಅಶ್ವಜಿತನ ಕೈಗೆ ಹೋಯಿತು. ಆದರೆ ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಬಾಗಿಲ ಕಡೆ ತಿರುಗಿ, ಅಬ್ದುಲ ಮಜೀದರಿಗೆ. ಕಪ್ಪು ಹಿಡಿದ ಅಶ್ವಜಿತನೂ ಹೊಡೆಯಲು ಹೋಗಿ ಕಪ್ಪನ್ನು ಬೀಳಿಸಿದ.

ಮುದುಕ ಕಾಶೀರಾಮನ ತಲೆ ಸವರಿ ಹೇಳಿದ, "ಅದು ತಗಡು ಬೇಟಾ. ಹೋಗ್ಲಿ ಬಿಡು."

ಔರಾದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಕಾಶೀರಾಮನಿಗೆ ಎರಡು ಭಾವನೆ ಒಟ್ಟಿಗೆ ಬಂದವು. ಖೋಲಿ ಹೋಯಿತು. ಆದರೂ ಎದೆ ಯಾಕೋ ಇಳಿಯುತ್ತಿಲ್ಲ. ಅಕ್ಕಪಕ್ಕದವರು ಮೊಬೈಲಿನಲ್ಲಿ ಏನೋ ನೋಡಿ, ಅವನ ಕಡೆ ನೋಡಿ, ಮತ್ತೆ ಮೊಬೈಲ್ ನೋಡುತ್ತಿದ್ದರು. ಜನವಾಡದಲ್ಲಿ ಹತ್ತಿದ ಒಬ್ಬ ಅಪರಿಚಿತ ಅವನಿಗೆ ನಮಸ್ಕಾರ ಮಾಡಿದ. ಎಮ್ಮೆಯ ಕಡೆಯವನಿರಬೇಕು ಎಂದುಕೊಂಡ.

ಹೊತ್ತು ಮುಳುಗುವ ಹೊತ್ತಿಗೆ ಮನೆ ಮುಟ್ಟಿದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅಂಗಳದ ತುಂಬ ಹೆಂಗಸರು. ಕಾಶೀರಾಮ, ಸೋಮವಾರದ ತನಕವೂ ಕಾಯದೆ ಹೊಲಿಗೆ ಕ್ಲಾಸು ಶುರು ಮಾಡಿದಳಲ್ಲ ಎಂದುಕೊಂಡ.

ಮನಿಷಾ ಹೊರಗೆ ಬಂದಳು. ಕಣ್ಣು ತೇವವಾಗಿದ್ದವು.

"ಕಪ್ ಬರ್ಲಿಲ್ಲ," ಎಂದ ಅವನು, ನೆಲ ನೋಡುತ್ತ. "ಮಾತು ಅಂದ್ರ ಮಾತು. ಖೋಲಿ ನಿಂದು."

"ಗೊತ್ತದ. ಮೊಬೈಲ್‌ನಾಗ ನೋಡ್ದೆ. ನಾಲ್ಕ ಸಲ ನೋಡ್ದೆ. ಔರಾದ ಪೂರಾ ನೋಡ್ಯದ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಾಯಿ ಮುಚ್ಕೊಂಡು ಇದ್ದಿದ್ರ ಕಪ್ ನಿಮ್ದೇ ಇತ್ತು. ಸುಳ್ಳು ಹೇಳ್ಲಿಲ್ಲ ನೀವು. ನಮ್ಮ ಮಣ್ಣಿನ ಮರ್ಯಾದಿ ಕಾದ್ರಿ. ಇಂಥಾ ಮನುಷ್ಯಾನ ಖೋಲಿ ನಾ ಹ್ಯಾಂಗ ಕಸಗೊಳ್ಳಲಿ? ಹೊಲಿಗಿ ಕ್ಲಾಸ್ ಹಿತ್ತಲದಾಗ ಮಾಡ್ಕೋತೇನಿ. ಖೋಲಿ ಪೂರಾ ನಿಮಗ."

ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ಅವಳು ಅವನನ್ನು ಇಷ್ಟು ಹೊಗಳಿದ್ದು ಇದೇ ಮೊದಲು. ಕಾಶೀರಾಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ತನ್ನ ಕರಿ ದಂಡನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸುವ ಆಸೆಯಿಂದ ಖೋಲಿಯ ಬಾಗಿಲು ತೆರೆದ.

ಬಾಗಿಲು ಅರ್ಧಕ್ಕೇ ನಿಂತಿತು. ಹಿಂದೆ ಏನೋ ಅಡ್ಡವಿತ್ತು.

ಇಣುಕಿದ. ನೆಲದಿಂದ ಕಿಟಕಿಯ ತನಕ ಪಾತ್ರೆ. ಹಿತ್ತಾಳೆ ಕೊಡ, ಸ್ಟೀಲಿನ ಟಿಫಿನ್ ಡಬ್ಬಿ, ಅಲ್ಯುಮಿನಿಯಂ ಬೋಗುಣಿ, ತಾಮ್ರದ ತಂಬಿಗೆ, ಯಾರದೋ ಪ್ರೆಶರ್ ಕುಕ್ಕರ್, ಯಾರದೋ ಸೈಕಲ್ ಗಂಟೆ. ಒಂದೊಂದಕ್ಕೂ ಹೆಸರು ಬರೆದ ಚೀಟಿ. ಮೇಜಿನ ಮೇಲೆ, ಮೇಜಿನ ಕೆಳಗೆ, ಕುಂಚ ಇಡುವ ಹಲಗೆಯ ಮೇಲೂ ಪಾತ್ರೆ.

"ಇದು... ಏನಿದು?"

"ಅದೇ ರಿ, ನೀವು ಮೈಕಿನಾಗ ಹೇಳಿದ್ರಲ್ಲ, ತೊಳದ್ರ ಹೋಗಲ್ಲ, ತಿಕ್ಕಿದ್ರ ಹೋಗಲ್ಲ ಅಂತ." ಮನಿಷಾ ಹೆಮ್ಮೆಯಿಂದ ಅಂಗಳದ ಹೆಂಗಸರ ಕಡೆ ನೋಡಿದಳು. "ಐದೂವರೆಯಿಂದ ಬರ್ಲತ್ತಾರ. ನಮ್ಮವರು ಎಲ್ಲರಿಗೂ ಕರಿ ಮಾಡಿ ಕೊಡ್ತಾರ ಅಂತ ನಾನೇ ಒಪ್ಪಿಕೊಂಡೀನಿ. ನೀವು ಇಲ್ಲ ಅನ್ನಲ್ಲ, ನನಗ ಗೊತ್ತದ."

"ಅದು ಸತುವಿಗಿ ಅಷ್ಟೇ ಹತ್ತತದ! ಹಿತ್ತಾಳಿಗಿ, ಸ್ಟೀಲಿಗಿ ಹತ್ತಲ್ಲ!" ಎಂದು ಕಾಶೀರಾಮ ಕೂಗಿದ.

"ಬೇಕಂತಲೇ ಹೇಳ್ಲತ್ತಾರ ನೋಡ್ರಿ, ನಮ್ಮ ಕೆಲಸ ತಪ್ಪಿಸ್ಕೊಳ್ಳಿಕ್ಕ," ಎಂದರು ಅಂಗಳದಿಂದ ಯಾರೋ. "ಕಾಂಪಿಟೇಷನ್‌ದಾಗ ಒಂದು ಮಾತು, ಓಣ್ಯಾಗ ಒಂದು ಮಾತು!"

ಕಾಶೀರಾಮ ಡಬ್ಬಿ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತ. ಖೋಲಿ ಅವನದಾಗಿತ್ತು. ದಂಡು ನಿಲ್ಲಿಸಲು ಅದರಲ್ಲಿ ಜಾಗವಿರಲಿಲ್ಲ. ಇದ್ದದ್ದು ಮೇಜಿನ ನಡುವೆ ಎರಡು ಮೊಳದಷ್ಟು. ಅವನು ಅದನ್ನೇ ದಿಟ್ಟಿಸುತ್ತಿದ್ದಾಗ ಹಿಂದಿನಿಂದ "ಬಾಜೂ, ಬಾಜೂ!" ಎಂಬ ಕೂಗು ಬಂತು.

ಮದುವೆ ಅಡುಗೆ ಮಾಡುವ ಮುನ್ನಿಬೀ ಮುಂದೆ, ಅವಳ ಹಿಂದೆ ನಾಲ್ಕು ಜನ ಹೊತ್ತು ತಂದ ಬಿರ್ಯಾನಿಯ ದೊಡ್ಡ ಹಂಡೆ, ದೇಗು. ಕಾಶೀರಾಮ ಎದ್ದು ದಾರಿ ಬಿಡಲೇಬೇಕಾಯಿತು. ಬಾಗಿಲನ್ನು ಪೂರ್ತಿ ದಬ್ಬಿಸಿಕೊಂಡು ದೇಗು ಮೇಜಿನ ನಡುವೆ ಕೂತಿತು. ಮೇಜು ನರಳಿತು.

ಮುನ್ನಿಬೀ ಬೆವರು ಒರೆಸಿಕೊಂಡು ಸಮಾಧಾನದಿಂದ ಹೇಳಿದಳು:

"ಭಾಯಿಜಾನ್, ನಿಮಗ ಜಾಸ್ತಿ ತ್ರಾಸ ಕೊಡಲ್ರಿ. ಹೊರಗ ಕರಿ ಮೊದಲೇ ಅದ. ಒಳಗಷ್ಟೇ ಮಾಡಿ ಕೊಡ್ರಿ."